ಏಳನೇ ಹಾಸಿಗೆಯ ಬಾಟಲಿ

ರಕ್ತದ ಬಾಟಲಿಗಳಿಗೆ ಕಾವು ಕೊಡುವ ಯಂತ್ರ ನಮ್ಮ ಪ್ರಯೋಗಾಲಯದ ಮೂಲೆಯಲ್ಲಿದೆ. ನೋಡಲು ಮನೆಯ ಬೀರುವಿನ ಹಾಗೆ. ಬಾಟಲಿಯೊಳಗೆ ಏನಾದರೂ ಬೆಳೆಯತೊಡಗಿದರೆ ಕೂಗಿಕೊಳ್ಳುತ್ತದೆ, ಯಾವ ಸಾಲಿನ ಯಾವ ಬಾಟಲಿ ಎಂದು ದೀಪ ಹಚ್ಚಿ ತೋರಿಸುತ್ತದೆ. 2018ರ ಆಷಾಢದ ಒಂದು ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಅದು ಕೂಗಿದಾಗ ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದೆ. ಹೊರಗೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಬಾಟಲಿಯ ಮೇಲಿನ ಚೀಟಿಯಲ್ಲಿ ಐಸಿಯು, ಏಳನೇ ಹಾಸಿಗೆ ಎಂದಿತ್ತು. ರಕ್ತ ನಮ್ಮ ಕೈ ಸೇರಿ ಮೂವತ್ತೆಂಟು ಗಂಟೆಯಾಗಿತ್ತು.

ರಾತ್ರಿ ಪಾಳಿಯಲ್ಲಿ ಕೂಗುವ ಬಾಟಲಿಗಳಲ್ಲಿ ಹೆಚ್ಚಿನವು ಬ್ಯಾಕ್ಟೀರಿಯಾದವು. ಒಂದು ಹನಿಯನ್ನು ಗಾಜಿನ ಮೇಲೆ ಹಚ್ಚಿ, ಗ್ರಾಂ ಬಣ್ಣ ಹಾಕಿ, ಎಣ್ಣೆಯ ಮಸೂರದಲ್ಲಿ ನೋಡಿದರೆ ಕೆಂಪು ಕಡ್ಡಿಗಳೋ ನೇರಳೆ ಮಣಿಗಳೋ ಸಿಗುತ್ತವೆ. ಅಂದು ಸಿಕ್ಕಿದ್ದು ಬೇರೆ. ಬ್ಯಾಕ್ಟೀರಿಯಾಕ್ಕಿಂತ ಎಷ್ಟೋ ದಪ್ಪದ, ಮೊಟ್ಟೆಯಾಕಾರದ ಕಡುನೇರಳೆ ಕೋಶಗಳು. ಕೆಲವಕ್ಕೆ ಪಕ್ಕದಲ್ಲೊಂದು ಪುಟ್ಟ ಮೊಗ್ಗು. ಯೀಸ್ಟ್, ಒಂದೇ ಕೋಶದ ಶಿಲೀಂಧ್ರ.

ಐಸಿಯುಗೆ ಫೋನ್ ಮಾಡಿದೆ. ಪಾಳಿಯಲ್ಲಿದ್ದ ಕಿರಿಯ ವೈದ್ಯರು ನಿದ್ದೆಗಣ್ಣಿನಲ್ಲಿದ್ದರು.

"ಯೀಸ್ಟೇ? ರಕ್ತ ತೆಗೆಯುವಾಗ ಚರ್ಮದಿಂದ ಸೇರಿಕೊಂಡಿರಬಹುದಲ್ಲವೇ ಮೇಡಂ?"

"ಬ್ಯಾಕ್ಟೀರಿಯಾ ಆಗಿದ್ದರೆ ಹಾಗೆಂದು ಯೋಚಿಸಬಹುದಿತ್ತು ಡಾಕ್ಟರೇ. ರಕ್ತದಲ್ಲಿ ಯೀಸ್ಟ್ ಕಂಡರೆ ಒಂದೇ ಬಾಟಲಿಯಾದರೂ ನಿಜವೆಂದೇ ತಿಳಿಯಬೇಕು. ಸೆಂಟ್ರಲ್ ಲೈನ್ ಹಾಕಿ ಎಷ್ಟು ದಿನವಾಯಿತು?"

ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಇಳಿಸಿದ ಆ ಕೊಳವೆ ಹಾಕಿ ಹದಿನೇಳು ದಿನವಾಗಿತ್ತು. ಬೆಳಿಗ್ಗೆ ಆರಕ್ಕೇ ಯೀಸ್ಟಿಗೆ ಕೊಡುವ ಫ್ಲೂಕೊನಜೋಲ್ ಶುರುಮಾಡಿದರು. ವಾರ್ಡಿನ ಕಪಾಟಿನಲ್ಲಿ ಕೈಗೆಟುಕುವಂತೆ ಇದ್ದ ಔಷಧಿ ಅದೇ.

ಏಳನೇ ಹಾಸಿಗೆಯಲ್ಲಿದ್ದವರು ಐವತ್ತೆಂಟು ವರ್ಷದ ಅಡಿಕೆ ಬೆಳೆಗಾರರು. ಸಕ್ಕರೆ ಕಾಯಿಲೆ ಹಳೆಯದು. ಕರುಳು ತೂತಾಗಿ ಬಂದಿದ್ದರು, ಎರಡು ಸಲ ಹೊಟ್ಟೆ ತೆರೆಯಬೇಕಾಗಿತ್ತು, ಹೊಟ್ಟೆಯ ಪಕ್ಕಕ್ಕೆ ಮಲದ ಚೀಲ ಅಂಟಿಸಿದ್ದರು. ಆಹಾರವೆಲ್ಲ ಕುತ್ತಿಗೆಯ ಸೆಂಟ್ರಲ್ ಲೈನಿನ ಮೂಲಕ. ಎರಡು ಭಾರಿ ಆ್ಯಂಟಿಬಯೋಟಿಕ್‌ಗಳು ನಡೆಯುತ್ತಿದ್ದವು. ಯೀಸ್ಟಿಗೆ ಇದಕ್ಕಿಂತ ಒಳ್ಳೆಯ ಆತಿಥ್ಯ ಬೇಡ. ನಮ್ಮ ಮೈಮೇಲೆ, ಕರುಳಿನೊಳಗೆ ಒಂದಷ್ಟು ಯೀಸ್ಟ್ ಯಾವಾಗಲೂ ಇರುತ್ತದೆ. ಬ್ಯಾಕ್ಟೀರಿಯಾಗಳ ಜನಸಂದಣಿಯಲ್ಲಿ ಅದಕ್ಕೆ ತಲೆ ಎತ್ತಲು ಜಾಗ ಸಿಗುವುದಿಲ್ಲ, ಅಷ್ಟೇ. ಆ್ಯಂಟಿಬಯೋಟಿಕ್ ಆ ಸಂದಣಿಯನ್ನು ಖಾಲಿ ಮಾಡಿಸುತ್ತದೆ, ಕುತ್ತಿಗೆಯ ಕೊಳವೆ ರಕ್ತಕ್ಕೆ ನೇರ ದಾರಿ ಕೊಡುತ್ತದೆ. ಎರಡೂ ಜೀವ ಉಳಿಸಲೆಂದೇ ಮಾಡಿದ ಕೆಲಸಗಳು, ಅದನ್ನು ಮರೆಯಬಾರದು.

ನನಗೆ ಇರಿಸುಮುರಿಸಾದದ್ದು ಬೇರೆ ಕಾರಣಕ್ಕೆ. ಕಂಪ್ಯೂಟರಿನಲ್ಲಿ ಅವರ ಹಳೆಯ ವರದಿಗಳನ್ನು ತೆರೆದಾಗ ಎಂಟು ದಿನದ ಹಿಂದಿನ ಮೂತ್ರದ ವರದಿ ಸಿಕ್ಕಿತು. "ಯೀಸ್ಟ್ ಕೋಶಗಳು ಬೆಳೆದಿವೆ" ಎಂದಷ್ಟೇ ಇತ್ತು. ನಮೂದಿಸಿದವಳು ನಾನೇ. ಕ್ಯಾತಿಟರ್, ಅಂದರೆ ಮೂತ್ರದ ಕೊಳವೆ, ಹಾಕಿದ ರೋಗಿಯ ಮೂತ್ರದಲ್ಲಿ ಯೀಸ್ಟ್ ಬರುವುದು ಸಾಮಾನ್ಯ. ತೊಂದರೆಯ ಲಕ್ಷಣವಿಲ್ಲದಿದ್ದರೆ ಔಷಧಿಯನ್ನೂ ಕೊಡುವುದಿಲ್ಲ, ಕ್ಯಾತಿಟರ್ ಬದಲಾಯಿಸಿದರೆ ಸಾಕು. ಆದ್ದರಿಂದ ಆ ವರದಿ ತಪ್ಪಾಗಿರಲಿಲ್ಲ. ಆದರೆ ಬಾಗಿಲಿಗೆ ಬಂದವನನ್ನು ಯಾರಪ್ಪ ನೀನು, ಯಾವ ಊರು ಎಂದು ಕೇಳದೆ ಒಳಗೆ ಬಿಟ್ಟ ಹಾಗಾಗಿತ್ತು.

ಮಾರನೆಯ ದಿನ, ಬಾಟಲಿಯ ರಕ್ತ ಗೀಚಿ ಕಾವಿಗಿಟ್ಟ ತಟ್ಟೆಯಲ್ಲಿ ಕಾಲೊನಿಗಳು, ಅಂದರೆ ಯೀಸ್ಟಿನ ಗುಂಪುಗಳು, ಎದ್ದಿದ್ದವು. ಯೀಸ್ಟಿನ ತಟ್ಟೆ ತೆರೆದರೆ ಬೇಕರಿಯ ಹಿಂಬಾಗಿಲಿನ ವಾಸನೆ ಬರುತ್ತದೆ. ಮೂಸಬಾರದೆಂದು ಹೊಸಬರಿಗೆಲ್ಲ ಹೇಳಿಕೊಡುವವಳು ನಾನೇ, ಆದರೂ ಇಪ್ಪತ್ತೆರಡು ವರ್ಷ ಈ ಮೇಜಿನ ಮುಂದೆ ಕುಳಿತವಳ ಮೂಗು ಮಾತು ಕೇಳುವುದಿಲ್ಲ. ಒಂದಿಷ್ಟನ್ನು ಮನುಷ್ಯರ ಸೀರಮ್ಮಿನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಲ್ಲಿ, ಕಲಸಿ 37 ಡಿಗ್ರಿಯಲ್ಲಿ ಎರಡೂವರೆ ಗಂಟೆ ಇಟ್ಟೆ. ಕ್ಯಾಂಡಿಡಾ ಎಂಬ ಯೀಸ್ಟ್ ಕುಲದಲ್ಲಿ ನಮಗೆ ಹಳೆಯ ಪರಿಚಯದ ಕ್ಯಾಂಡಿಡಾ ಆಲ್ಬಿಕನ್ಸ್ ಆಗಿದ್ದರೆ ಅಷ್ಟರೊಳಗೆ ನೆನೆಸಿದ ಹೆಸರುಕಾಳಿನಂತೆ ಮೊಳಕೆ ಬಿಡಬೇಕು. ಬಿಡಲಿಲ್ಲ. ಬಣ್ಣ ತೋರಿಸುವ ಇನ್ನೊಂದು ತಟ್ಟೆಗೂ ಗೀಚಿದ್ದೆ. ಅದರಲ್ಲಿ ಆಲ್ಬಿಕನ್ಸ್ ಹಸಿರು, ಅದೇ ಕುಲದ ಟ್ರಾಪಿಕಾಲಿಸ್ ನೀಲಿ, ಕ್ರುಸಿಯೈ ಒರಟು ಗುಲಾಬಿ. ನಮ್ಮ ದೇಶದ ಐಸಿಯುಗಳ ರಕ್ತದಲ್ಲಿ ಆಲ್ಬಿಕನ್ಸ್‌ಗಿಂತ ಟ್ರಾಪಿಕಾಲಿಸ್ಸೇ ಹೆಚ್ಚು, ಹಾಗಾಗಿ ನೀಲಿಯನ್ನೇ ಎದುರು ನೋಡುತ್ತಿದ್ದೆ. ಬಂದದ್ದು ನೀಲಿಯಲ್ಲ. ಕೆನೆಗೆ ಒಂದು ಹನಿ ಕುಂಕುಮದ ನೀರು ಬಿದ್ದಂತಹ ಮಾಸಲು ಬಣ್ಣ.

ಇಂಥ ಬಣ್ಣಕ್ಕೆ ನಮ್ಮಲ್ಲಿ ಒಂದು ಪೆಟ್ಟಿಗೆ ಇತ್ತು: "ಕ್ಯಾಂಡಿಡಾ, ಆಲ್ಬಿಕನ್ಸ್ ಅಲ್ಲದ್ದು." ವರ್ಷಗಟ್ಟಲೆ ಹಾಗೆ ಬರೆದು ಕಳುಹಿಸಿದ್ದೇವೆ. ಊರಿನಲ್ಲಿ ಗುರುತಿಲ್ಲದವರನ್ನೆಲ್ಲ "ಹೊರಗಿನವರು" ಎಂದು ಒಂದೇ ಮಾತಿನಲ್ಲಿ ಮುಗಿಸುವುದಿಲ್ಲವೇ, ಹಾಗೆ. ಈ ಸಲ ರಕ್ತದ್ದಾದ್ದರಿಂದ ಗುರುತಿಸುವ ಯಂತ್ರಕ್ಕೆ ಹಾಕಿದೆ. ಬೆಳಗಾಗುವಷ್ಟರಲ್ಲಿ ಅದು ಹೆಸರು ಹೇಳಿತ್ತು: ಕ್ಯಾಂಡಿಡಾ ಹೆಮುಲೋನಿ. ಪಕ್ಕದಲ್ಲಿ "ಅತ್ಯುತ್ತಮ ಗುರುತು" ಎಂಬ ಶಿಫಾರಸು ಬೇರೆ.

ವರದಿಗೆ ಸಹಿ ಹಾಕಬೇಕಾದವರು ನಮ್ಮ ವಿಭಾಗದ ಸೂಕ್ಷ್ಮಜೀವಿ ತಜ್ಞೆ, ನಮಗೆಲ್ಲ ಮೇಡಂ. ಅವರು ಪೆನ್ನಿನ ಮುಚ್ಚಳ ತೆಗೆದವರು ಮತ್ತೆ ಮುಚ್ಚಿದರು.

"42 ಡಿಗ್ರಿಯಲ್ಲಿ ಬೆಳೆಯುತ್ತದೆಯೇ ನೋಡಿದಿರಾ?"

ನೋಡಿರಲಿಲ್ಲ. ಯಂತ್ರ ಇಷ್ಟು ಖಾತರಿಯಿಂದ ಹೇಳಿದ ಮೇಲೆ ಯಾರು ನೋಡುತ್ತಾರೆ?

"ಹೆಮುಲೋನಿಗೆ ಅಷ್ಟು ಸೆಕೆ ತಡೆಯುವುದಿಲ್ಲ. ಅದರ ಹೆಸರಿನಲ್ಲಿ ಇನ್ನೊಂದು ಓಡಾಡುತ್ತಿದೆ. ಇಟ್ಟು ನೋಡಿ."

ಆ ಇನ್ನೊಂದರ ಜಾತಕವನ್ನು ಅಂದು ಸಂಜೆ ಅವರ ಕೋಣೆಯಲ್ಲಿ ಕುಳಿತು ಕೇಳಿದೆ. 2009ರಲ್ಲಿ ಜಪಾನಿನಲ್ಲಿ, ಟೋಕಿಯೋದ ಆಸ್ಪತ್ರೆಯೊಂದರಲ್ಲಿ, ಎಪ್ಪತ್ತು ವರ್ಷದ ಹೆಂಗಸಿನ ಕಿವಿಯಿಂದ ತೆಗೆದ ಯೀಸ್ಟಿಗೆ ಹೊಸ ಹೆಸರಿಟ್ಟರು: ಕ್ಯಾಂಡಿಡಾ ಆರಿಸ್. ಲ್ಯಾಟಿನ್ನಿನಲ್ಲಿ ಆರಿಸ್ ಎಂದರೆ ಕಿವಿ. ಹೆಸರು ಕಿವಿಯದ್ದಾದರೂ ಕೆಲಸ ರಕ್ತದಲ್ಲಿ. ದಕ್ಷಿಣ ಕೊರಿಯಾದಲ್ಲಿ 1996ರಷ್ಟು ಹಿಂದೆಯೇ ಕೂಡಿಟ್ಟಿದ್ದ ಮಾದರಿಯೊಂದನ್ನು ಮತ್ತೆ ತೆಗೆದು ನೋಡಿದರೆ ಅದೂ ಇದೇ ಆಗಿತ್ತು. 2013ರಲ್ಲಿ ದೆಹಲಿಯ ಆಸ್ಪತ್ರೆಗಳ ರೋಗಿಗಳಿಂದ ಬಂದ ವರದಿ ಎಲ್ಲರ ಕಣ್ಣು ತೆರೆಸಿತು. ದೇಶದ 27 ಐಸಿಯುಗಳನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ಅಧ್ಯಯನ ನೋಡಿದರೆ 19 ಕಡೆ ಇದು ಇತ್ತು. ವಿಚಿತ್ರವೆಂದರೆ ದಕ್ಷಿಣ ಏಷ್ಯಾ, ಪೂರ್ವ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬೇರೆ ಬೇರೆ ವಂಶಗಳಾಗಿ ಇದು ತಲೆ ಎತ್ತಿತು. ಒಂದು ಖಂಡದಿಂದ ಇನ್ನೊಂದಕ್ಕೆ ಹೋದದ್ದಾಗಿದ್ದರೆ ವಂಶ ಒಂದೇ ಇರಬೇಕಿತ್ತು. ಭೂಮಿ ಬಿಸಿಯಾಗುತ್ತಿದೆಯಲ್ಲ, ಆ ಬಿಸಿಗೆ ಒಗ್ಗಿಕೊಂಡ ಯೀಸ್ಟಿಗೆ ನಮ್ಮ ಮೈಯ ಶಾಖವೂ ಸಹ್ಯವಾಯಿತೇನೋ ಎಂಬ ಊಹೆಯನ್ನು ವಿಜ್ಞಾನಿಗಳು ಮುಂದಿಟ್ಟದ್ದು ಮರುವರ್ಷ. ಅಂಡಮಾನಿನ ಕಡಲತೀರದ ಮರಳಿನಲ್ಲಿ, ಉಪ್ಪುಜೌಗಿನಲ್ಲಿ ಇದು ಸಿಕ್ಕಿದ ಸುದ್ದಿ 2021ರಲ್ಲಿ ಬಂದಾಗ ನನಗೆ ಮೇಡಂ ಕೋಣೆಯ ಆ ಸಂಜೆಯೇ ನೆನಪಾಯಿತು.

ಮರುದಿನ 42 ಡಿಗ್ರಿಯ ಪೆಟ್ಟಿಗೆ ತೆರೆದೆ. ತಟ್ಟೆಯ ತುಂಬ ಬೆಳೆದಿತ್ತು.

ಒಂದು ಮಾದರಿಯನ್ನು ಮೂರು ಪದರದ ಡಬ್ಬಿಯಲ್ಲಿ ಮುಚ್ಚಿ, ಪ್ರೋಟೀನುಗಳ ತೂಕ ನೋಡಿ ಜೀವಿಯನ್ನು ಗುರುತಿಸುವ ದೊಡ್ಡ ಯಂತ್ರವಿದ್ದ ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳುಹಿಸಿದೆವು. ಅದರ ಉತ್ತರಕ್ಕೆ ಕಾಯುವ ಹೊತ್ತಿಗೇ, ಹೆಮುಲೋನಿ ಎಂದಿದ್ದ ನಮ್ಮ ಯಂತ್ರದಿಂದಲೇ ಔಷಧಗಳ ಪರೀಕ್ಷೆಯ ಫಲಿತಾಂಶ ಬಂತು. ಫ್ಲೂಕೊನಜೋಲ್‌ನ ಎಂಐಸಿ, ಅಂದರೆ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಪ್ರಮಾಣ, 64. ಆರಿಸ್‌ಗೆ 32 ಮುಟ್ಟಿದರೇ ಔಷಧಿ ನಡೆಯುವುದಿಲ್ಲ ಎಂದು ಲೆಕ್ಕ. ಮೂರು ದಿನದಿಂದ ಏಳನೇ ಹಾಸಿಗೆಯವರ ನರಕ್ಕೆ ಹೋಗುತ್ತಿದ್ದದ್ದು ಈ ಯೀಸ್ಟಿನ ಮಟ್ಟಿಗೆ ಬರೀ ನೀರು. ಅವರ ಜ್ವರ ಇಳಿದಿರಲಿಲ್ಲ, ರಕ್ತದೊತ್ತಡಕ್ಕೆ ಔಷಧಿಯ ಆಸರೆ ಬೇಕಾಗಿತ್ತು.

ಯೀಸ್ಟಿನ ಇನ್ನೊಂದು ಔಷಧಿ ಆಂಫೊಟೆರಿಸಿನ್ ಬಿಯ ಅಂಕಿ ಇನ್ನೂ ಹೆದರಿಸಿತು. 8 ಎಂದಿತ್ತು. 2 ಆದರೇ ಪ್ರತಿರೋಧ. ಐಸಿಯು ಮುಖ್ಯಸ್ಥರು ಫೋನಿನಲ್ಲಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆದರೆ ಈ ಜೀವಿಯ ವಿಷಯದಲ್ಲಿ ಅಂಥ ಯಂತ್ರ ಆಂಫೊಟೆರಿಸಿನ್‌ನ ಅಂಕಿಯನ್ನು ಏರಿಸಿ ತೋರಿಸುವುದುಂಟು ಎಂದು ಮೇಡಂ ಓದಿದ್ದರು. ಔಷಧಿ ಸವರಿದ ಕಾಗದದಂಥ ಪಟ್ಟಿಯನ್ನು ತಟ್ಟೆಯ ಮೇಲಿಟ್ಟು ಮಾಡುವ ಹಳೆಯ ಕೈಪರೀಕ್ಷೆಯನ್ನು ಹೂಡಿದೆವು. ಮರುದಿನ ಪಟ್ಟಿಯ ಸುತ್ತ ಕಣ್ಣಿನ ಆಕಾರದ ಖಾಲಿ ಜಾಗ ಮೂಡಿತ್ತು. ಅದರ ತುದಿ ಪಟ್ಟಿಯನ್ನು ಮುಟ್ಟಿದ್ದು 1ರ ಗೆರೆಯಲ್ಲಿ. ಒಂದೇ ಯೀಸ್ಟಿನ ವಿಷಯದಲ್ಲಿ ಒಂದೇ ಯಂತ್ರ ಹೆಸರನ್ನೂ ತಪ್ಪು ಹೇಳಿತ್ತು, ಅಂಕಿಯನ್ನೂ ತಪ್ಪು ಹೇಳಿತ್ತು. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ, ತನಗೆ ಕಲಿಸಿದ್ದನ್ನು ಅದು ಒಪ್ಪಿಸುತ್ತದೆ. ಅದರ ಮಾತನ್ನು ಶಾಸನವೆಂದು ತಿಳಿದ ನನ್ನ ಮೇಲೆ ಇದೆ.

ಮೂರನೇ ಔಷಧಿ ಕ್ಯಾಸ್ಪೊಫಂಜಿನ್ ಮಾತ್ರ ಮೊದಲಿನಿಂದಲೂ ಒಲಿದಿತ್ತು. ಅಂಕಿ 0.25. ನಮ್ಮ ಔಷಧಿ ಮಳಿಗೆಯಲ್ಲಿ ಅದು ಇರಲಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಮಂಜುಗಡ್ಡೆಯ ಡಬ್ಬಿಯಲ್ಲಿ ಬರಬೇಕಾಯಿತು. ಒಂದೊಂದು ಸೀಸೆಗೆ ಸಾವಿರಗಳ ಲೆಕ್ಕ. ಮೊದಲ ದಿನ 70 ಮಿಲಿಗ್ರಾಂ, ನಂತರ ದಿನಕ್ಕೆ 50.

ಆ ಡಬ್ಬಿಯನ್ನು ಬಸ್ ನಿಲ್ದಾಣದಿಂದ ಎದೆಗವಚಿಕೊಂಡು ತಂದವನು ರೋಗಿಯ ಮಗ. ಮೂವತ್ತರ ಆಸುಪಾಸಿನ ಹುಡುಗ, ಕೃಷಿ ಡಿಪ್ಲೊಮಾ ಓದಿ ತೋಟ ನೋಡಿಕೊಳ್ಳುತ್ತಿದ್ದ. ಹಿಂದಿನ ರಾತ್ರಿ ಬಿಲ್ಲಿನ ಕಾಗದ ಹಿಡಿದು ನಮ್ಮ ಮಾದರಿ ಸ್ವೀಕರಿಸುವ ಕಿಟಕಿಯ ಮುಂದೆ ನಿಂತಿದ್ದ. ರೋಗಿಯ ಕಡೆಯವರೊಂದಿಗೆ ನಾವು ವರದಿಯ ವಿಷಯ ಮಾತಾಡುವ ಹಾಗಿಲ್ಲ. ಆದರೆ ಅವನು ಕೇಳಿದ ಪ್ರಶ್ನೆ ವರದಿಯದ್ದಾಗಿರಲಿಲ್ಲ.

"ಮೇಡಂ, ಈ ಫ್ಲೂಕೊನಜೋಲ್ ನಮ್ಮ ಹೆಕ್ಸಾಕೊನಜೋಲ್‌ಗೆ ನೆಂಟನೇ?"

ನಾನು ತಲೆ ಎತ್ತಿ ನೋಡಿದೆ. ಇಪ್ಪತ್ತೆರಡು ವರ್ಷದಲ್ಲಿ ಯಾವ ವೈದ್ಯ ವಿದ್ಯಾರ್ಥಿಯೂ ನನಗೆ ಆ ಪ್ರಶ್ನೆ ಕೇಳಿರಲಿಲ್ಲ.

"ಹೌದು ತಮ್ಮಾ. ಒಂದೇ ಮನೆತನ."

"ಹಾಗಾದರೆ ಅರ್ಥವಾಯಿತು ಬಿಡಿ. ತೋಟದಲ್ಲಿ ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ರೋಗ ಅದಕ್ಕೆ ಜಗ್ಗುವುದಿಲ್ಲ. ಬದಲಾಯಿಸುತ್ತಿರಬೇಕು ಎಂದು ನಮಗೆ ಪಾಠವೇ ಇತ್ತು."

ನಾನು ಕಿಟಕಿಯಾಚೆ ಬಂದು ಬೆಂಚಿನ ಮೇಲೆ ಕುಳಿತೆ. ಅಪ್ಪನ ಬಗ್ಗೆ ಅಲ್ಲ, ಔಷಧಿಯ ಬಗ್ಗೆ ಮಾತಾಡಿದೆವು. ಯೀಸ್ಟ್ ಬ್ಯಾಕ್ಟೀರಿಯಾದ ಹಾಗಲ್ಲ, ಕೋಶದ ರಚನೆಯಲ್ಲಿ ನಮಗೆ ದಾಯಾದಿ. ನಮ್ಮನ್ನು ಬಿಟ್ಟು ಅದನ್ನು ಮಾತ್ರ ಕೊಲ್ಲುವ ವಿಷ ಹುಡುಕುವುದು ಕಷ್ಟ. ಬ್ಯಾಕ್ಟೀರಿಯಾಕ್ಕೆ ಹತ್ತಾರು ಬಗೆಯ ಔಷಧಿಗಳಿದ್ದರೆ ರಕ್ತಕ್ಕಿಳಿದ ಯೀಸ್ಟಿಗೆ ಮುಖ್ಯವಾಗಿ ಇರುವುದು ಮೂರೇ ಮನೆತನ. ನಮ್ಮ ಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಇದ್ದರೆ ಅದರ ಪೊರೆಯಲ್ಲಿ ಎರ್ಗೊಸ್ಟೆರಾಲ್ ಇದೆ. ಅದನ್ನು ತಯಾರಿಸುವ ಕಿಣ್ವವನ್ನು ಅಜೋಲ್‌ಗಳು ಕಟ್ಟಿಹಾಕುತ್ತವೆ. ಫ್ಲೂಕೊನಜೋಲ್ ಆಗಲಿ ಹೆಕ್ಸಾಕೊನಜೋಲ್ ಆಗಲಿ ಹಿಡಿಯುವುದು ಅದೇ ಕಿಣ್ವವನ್ನು. ಯೀಸ್ಟ್ ಆ ಕಿಣ್ವದ ಆಕಾರವನ್ನು ಒಂದಿಷ್ಟು ತಿದ್ದಿಕೊಂಡರೆ ಔಷಧಿ ಕೂರುವುದಿಲ್ಲ, ಬೀಗ ಬದಲಾಯಿಸಿದ ಮನೆಗೆ ಹಳೆಯ ಕೀಲಿಕೈ ತಂದಂತೆ. ಒಳಗೆ ಬಂದ ಔಷಧಿಯನ್ನು ಹೊರಗೆ ಚೆಲ್ಲುವ ಪಂಪುಗಳನ್ನೂ ಅದು ಚುರುಕಾಗಿಸಿಕೊಳ್ಳುತ್ತದೆ. ಆಂಫೊಟೆರಿಸಿನ್ ಎರ್ಗೊಸ್ಟೆರಾಲನ್ನೇ ಹಿಡಿದು ಪೊರೆ ಕೆಡಿಸುತ್ತದೆ. ಕ್ಯಾಸ್ಪೊಫಂಜಿನ್ ಹೊರಗೋಡೆ ಕಟ್ಟುವ ಕೆಲಸವನ್ನು ನಿಲ್ಲಿಸುತ್ತದೆ, ನಮ್ಮ ಕೋಶಗಳಿಗೆ ಆ ಗೋಡೆಯೇ ಇಲ್ಲದ್ದರಿಂದ ನಮಗೆ ಅದರ ಕಾಟ ಕಡಿಮೆ. ಆಂಫೊಟೆರಿಸಿನ್ ವೆನಿಜುವೆಲಾದ ಒರಿನೋಕೊ ನದಿಯ ಸೀಮೆಯ ಮಣ್ಣಿನ ಜೀವಿಯೊಂದರಿಂದ 1950ರ ದಶಕದಲ್ಲಿ ಸಿಕ್ಕಿದ ಔಷಧಿ ಎಂದಾಗ ಅವನ ಮುಖದಲ್ಲಿ ಆ ವಾರದ ಮೊದಲ ನಗು ಕಂಡಿತು. ಮಣ್ಣಿನಿಂದ ಬಂದದ್ದು ಎಂದರೆ ರೈತನಿಗೆ ಅಷ್ಟು ಸಾಕು.

ನೆದರ್ಲೆಂಡ್ಸಿನಲ್ಲಿ ಟುಲಿಪ್ ಗಡ್ಡೆಗಳಿಗೆ ಬಳಸಿದ ಅಜೋಲ್‌ಗಳಿಗೂ ರೋಗಿಗಳ ಶ್ವಾಸಕೋಶದಲ್ಲಿ ಅಜೋಲ್‌ಗೆ ಬಗ್ಗದ ಆಸ್ಪರ್ಜಿಲಸ್ ಬೂಷ್ಟಿಗೂ ನಂಟು ಕಂಡಿದೆ ಎಂದೂ ಹೇಳಿದೆ. ಅದು ಬೇರೆ ಜೀವಿ, ಬೇರೆ ಕಥೆ. ಅವನು ಮಾತ್ರ ಸುಮ್ಮನಾದ. "ನಮ್ಮ ತೋಟದ್ದೇ ನಮ್ಮ ಅಪ್ಪನಿಗೆ ಬಂದಿರಬಹುದೇ?" ಎಂದ. ಇಲ್ಲ ಎಂದೆ. ಅದು ಎಲ್ಲಿಂದ ಬಂದಿತ್ತೆಂದು ಅಷ್ಟರಲ್ಲಿ ನನಗೆ ಅನುಮಾನ ಶುರುವಾಗಿತ್ತು. ಅವನಿಗೆ ಹೇಳುವ ಧೈರ್ಯವಾಗಲಿಲ್ಲ.

ಹಳೆಯ ದಾಖಲೆಗಳ ಪುಸ್ತಕವನ್ನು ಮನೆಗೇ ಒಯ್ದಿದ್ದೆ, ಒಯ್ಯಬಾರದಿತ್ತು. ಹಿಂದಿನ ಆರು ತಿಂಗಳಲ್ಲಿ ಅದೇ ಐಸಿಯುನಿಂದ ಹೆಮುಲೋನಿ ಎಂದು ಮೂರು ಸಲ ಬರೆದಿದ್ದೆವು. ಆಲ್ಬಿಕನ್ಸ್ ಅಲ್ಲದ್ದು ಎಂದು ಹನ್ನೊಂದು ಸಲ. ಹನ್ನೊಂದರಲ್ಲಿ ಎಂಟು ಮೂತ್ರದವು, ಉಳಿದವು ಗಾಯದ ಕೀವಿನವು. ಫ್ರೀಜರಿನಲ್ಲಿ ಉಳಿಸಿದ್ದು ಎರಡು ಮಾತ್ರ, ಜಾಗವಿಲ್ಲವೆಂದು ಬಾಕಿಯನ್ನು ಬಿಸಿ ಹಬೆಯಲ್ಲಿ ಕೊಲ್ಲುವ ಆಟೋಕ್ಲೇವಿಗೆ ಹಾಕಿಯಾಗಿತ್ತು. ಆ ಎರಡನ್ನೂ ಬೆಂಗಳೂರಿಗೆ ಕಳುಹಿಸಿದೆವು. ಒಂದು ವಾರದೊಳಗೆ ಮೂರರ ಉತ್ತರವೂ ಬಂತು. ಮೂರೂ ಆರಿಸ್.

ಹಾಸಿಗೆಯ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದು ನೋಡಿದೆ. ಐದು, ಏಳು, ಎಂಟು, ಮತ್ತೆ ಏಳು. ಆ ಮೂರು ಹೆಮುಲೋನಿಗಳಲ್ಲಿ ಒಬ್ಬ ಅಜ್ಜಿ ತೀರಿಕೊಂಡಿದ್ದರು. ಅವರು ಏನಿಂದ ತೀರಿಕೊಂಡರು ಎಂದು ಒಂದೇ ಸಾಲಿನಲ್ಲಿ ಹೇಳಲು ಬರುವುದಿಲ್ಲ. ಐಸಿಯುನಲ್ಲಿ ಮನುಷ್ಯ ಒಂದೇ ಕಾರಣಕ್ಕೆ ಸಾಯುವುದು ಅಪರೂಪ. ಫ್ಲೂಕೊನಜೋಲ್ ಒಂಬತ್ತು ದಿನ ಹೋಗಿತ್ತು ಎಂಬುದು ಮಾತ್ರ ಕಡತದಲ್ಲಿತ್ತು.

ಬೇರೆ ಕ್ಯಾಂಡಿಡಾಗಳು ಹೆಚ್ಚಾಗಿ ರೋಗಿಯ ಸ್ವಂತ ಕರುಳಿನಿಂದ ಎದ್ದು ಬರುತ್ತವೆ. ಆರಿಸ್ ಹಾಗಲ್ಲ. ಅದು ಚರ್ಮದ ಮೇಲೆ, ಮುಖ್ಯವಾಗಿ ಕಂಕುಳು ಮತ್ತು ತೊಡೆಸಂದಿನಲ್ಲಿ ನೆಲೆಸುತ್ತದೆ, ಅಲ್ಲಿಂದ ಮಂಚಕ್ಕೆ, ಕೈಗೆ, ಉಪಕರಣಕ್ಕೆ ಇಳಿಯುತ್ತದೆ, ವಾರಗಟ್ಟಲೆ ಜೀವ ಹಿಡಿದು ಕಾಯುತ್ತದೆ. ಯೀಸ್ಟಿನ ಜಾತಿಗೆ ಇದು ಅಪರೂಪದ ನಡತೆ. ಆದ್ದರಿಂದ ನಾನು ಒದ್ದೆ ಹತ್ತಿಕಡ್ಡಿಗಳ ಕಟ್ಟು ಹಿಡಿದು ಐಸಿಯುಗೆ ಹೋದೆ. ಮಂಚದ ಸರಳು, ವೆಂಟಿಲೇಟರಿನ ಗುಂಡಿಗಳು, ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು, ಫೋನಿನ ರಿಸೀವರು, ಔಷಧಿಯ ಟ್ರಾಲಿ, ಬಿಪಿ ನೋಡುವ ಪಟ್ಟಿ, ಕಂಕುಳಿನ ಥರ್ಮಾಮೀಟರು. ಸಿಸ್ಟರುಗಳಿಗೆ ನನ್ನನ್ನು ಕಂಡರೆ ಅಷ್ಟಕ್ಕಷ್ಟೇ ಆಯಿತು. "ನಾವು ಸ್ವಚ್ಛ ಮಾಡುವುದಿಲ್ಲವೆಂದು ಹೇಳಲು ಬಂದಿರಾ?" ಎಂದು ಒಬ್ಬರು ನೇರವಾಗಿಯೇ ಕೇಳಿದರು. ಹನ್ನೆರಡು ಹಾಸಿಗೆಗೆ ರಾತ್ರಿ ನಾಲ್ವರು ನಡೆಸುವ ಘಟಕ ಅದು. ಅವರ ಸಿಟ್ಟು ನ್ಯಾಯವಾದದ್ದೇ.

ನಲವತ್ತು ಕಡ್ಡಿಗಳಲ್ಲಿ ಮೂರರಲ್ಲಿ ಬೆಳೆಯಿತು. ಏಳನೇ ಮಂಚದ ಸರಳಿನಲ್ಲಿ, ಅದು ನಿರೀಕ್ಷಿಸಿದ್ದೇ. ಇನ್ನೆರಡು, ಹಾಸಿಗೆಯಿಂದ ಹಾಸಿಗೆಗೆ ತಿರುಗುತ್ತಿದ್ದ ಎರಡು ಬಿಪಿ ಪಟ್ಟಿಗಳಲ್ಲಿ. ಬಟ್ಟೆಯ ಪಟ್ಟಿ. ಅದನ್ನು ಒಗೆದವರಾರು, ಯಾವಾಗ, ಯಾರಿಗೂ ಗೊತ್ತಿರಲಿಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿಯೂ ಆರಿಸ್ ಹರಡಿದ ದಾರಿ ಹುಡುಕುತ್ತ ಹೋದವರು ಕೊನೆಗೆ ಮುಟ್ಟಿದ್ದು ಮತ್ತೆ ಮತ್ತೆ ಬಳಸುತ್ತಿದ್ದ ಕಂಕುಳಿನ ಥರ್ಮಾಮೀಟರುಗಳನ್ನು ಎಂದು ಅದೇ ವರ್ಷ ಪ್ರಕಟವಾಯಿತು. ಕೋಟಿಗಟ್ಟಲೆಯ ಯಂತ್ರಗಳ ನಡುವೆ ಅಪರಾಧಿ ಎಲ್ಲಕ್ಕಿಂತ ಅಗ್ಗದ ವಸ್ತು.

ಆಡಳಿತದವರ ಸಭೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. "ಆ ಹೆಸರನ್ನು ವರದಿಯಲ್ಲಿ ಬರೆಯಲೇಬೇಕೇ? ಕ್ಯಾಂಡಿಡಾ ಎಂದರೆ ಸಾಲದೇ?" ಎಂಬ ಮಾತು ಬಂತು. ಮೇಡಂ ತಮ್ಮ ಸಹಿ ಬೇಕಿದ್ದರೆ ಹೆಸರೂ ಬೇಕು ಎಂದರು. ಅಲ್ಲಿಗೆ ಅದು ಮುಗಿಯಿತು.

ನೆಲ ಮತ್ತು ಮಂಚ ಒರೆಸಲು ಬಳಸುತ್ತಿದ್ದ ನಿಂಬೆ ವಾಸನೆಯ ದ್ರಾವಣ ಕ್ವಾಟರ್ನರಿ ಅಮೋನಿಯಂ ಬಗೆಯದು. ಅದಕ್ಕೆ ಆರಿಸ್ ಸುಲಭವಾಗಿ ಬಗ್ಗುವುದಿಲ್ಲ, ಕ್ಲೋರಿನ್ ಬೇಕು. ಹೈಪೋಕ್ಲೋರೈಟ್ ತರಿಸಿದರು. ಒರೆಸಿದ ಮೇಲೆ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು, ಒಣಬಟ್ಟೆಯಿಂದ ತಕ್ಷಣ ಒರೆಸಬಾರದು ಎಂದು ಶುಚಿಗಾರ ಹೆಂಗಸರಿಗೆ ಹೇಳಿಕೊಡಲು ನನ್ನನ್ನೇ ಕಳುಹಿಸಿದರು. ಅವರಲ್ಲಿ ಹಿರಿಯರೊಬ್ಬರು ಬಕೆಟ್ಟಿಗೆ ಮೂಗು ಹಿಡಿದು ನಕ್ಕರು.

"ಇದು ನಮ್ಮೂರಿನ ಬಾವಿಗೆ ಪಂಚಾಯಿತಿಯವರು ಹಾಕುವ ಪುಡಿಯ ವಾಸನೆ ಅಲ್ಲವೇ ಅಕ್ಕಾ! ಇಷ್ಟು ದಿನ ಘಮಘಮ ನೀರು ಕೊಟ್ಟು ನಮ್ಮಿಂದ ಏನು ಒರೆಸಿಸುತ್ತಿದ್ದರು ಹಾಗಾದರೆ?"

ಉತ್ತರ ನನ್ನ ಹತ್ತಿರ ಇರಲಿಲ್ಲ.

ಏಳನೇ ಹಾಸಿಗೆಯವರನ್ನು ಮೂಲೆಯ ಒಂಟಿ ಕೋಣೆಗೆ ಸಾಗಿಸಿದರು. ಒಳಗೆ ಹೋಗುವವರಿಗೆಲ್ಲ ಗೌನು, ಕೈಗವಸು. ಅವರಿಗೆಂದೇ ಒಂದು ಬಿಪಿ ಪಟ್ಟಿ, ಒಂದು ಸ್ಟೆತೊಸ್ಕೋಪು. ಕುತ್ತಿಗೆಯ ಲೈನನ್ನು ತೆಗೆದುಹಾಕಿದರು, ಯೀಸ್ಟ್ ಅದರ ಗೋಡೆಗೆ ಪಾಚಿಯಂತೆ ಅಂಟಿಕೊಂಡು ಕೂತಿದ್ದರೆ ಔಷಧಿ ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಕಣ್ಣಿನ ತಜ್ಞರು ಬಂದು ಪಾಪೆ ಹಿಗ್ಗಿಸಿ ಒಳಗೆ ಬಿಳಿ ಚುಕ್ಕೆಗಳಿವೆಯೇ ಎಂದು ನೋಡಿದರು. ಹೃದಯದ ಎಕೋ ಆಯಿತು. ಎರಡೂ ಕಡೆ ಯೀಸ್ಟ್ ನೆಲೆಸಿದ ಗುರುತು ಇರಲಿಲ್ಲ.

ದಿನ ಬಿಟ್ಟು ದಿನ ಹೊಸ ಬಾಟಲಿಗಳು ಬರುತ್ತಿದ್ದವು. ಮೊದಲಿನದು ಕೂಗಿತು. ಎರಡನೆಯದೂ ಕೂಗಿತು, ಸ್ವಲ್ಪ ತಡವಾಗಿ. ಮೂರನೆಯದನ್ನು ನಾನು ದಿನಕ್ಕೆ ಎಷ್ಟು ಸಲ ಹೋಗಿ ನೋಡಿದೆನೋ! ಕೂಗುವುದಿದ್ದರೆ ಯಂತ್ರ ತಾನಾಗಿ ಕೂಗುತ್ತದೆ, ಹೋಗಿ ನೋಡುವುದರಿಂದ ಏನೂ ಬದಲಾಗುವುದಿಲ್ಲ. ಐದು ದಿನ ಕಳೆಯಿತು. ಕೂಗಲಿಲ್ಲ. ನಾಲ್ಕನೆಯದೂ ಮೌನ. ಹದಿನಾಲ್ಕು ದಿನದ ಲೆಕ್ಕ ಶುರುವಾಗುವುದು ಮೊದಲ ಮೌನದ ಬಾಟಲಿಯ ದಿನದಿಂದ, ಔಷಧಿ ಶುರುವಾದ ದಿನದಿಂದಲ್ಲ. ಮಗ ಮತ್ತೆ ಕಿಟಕಿಗೆ ಬಂದು ಇನ್ನೆಷ್ಟು ಸೀಸೆ ಎಂದು ಲೆಕ್ಕ ಹಾಕಿದ. ಆ ವರ್ಷದ ಕೊಳೆರೋಗಕ್ಕೆ ಎರಡನೇ ಸುತ್ತಿನ ಬೋರ್ಡೋ ದ್ರಾವಣ ಹೊಡೆಯಲು ಆಳು ಸಿಕ್ಕಿರಲಿಲ್ಲವಂತೆ. ಅರ್ಧ ತೋಟದ ಕಾಯಿ ಉದುರಿತ್ತು.

ನಡುವೆ ಒಂಬತ್ತನೇ ಹಾಸಿಗೆಯ ಇನ್ನೊಬ್ಬರಿಗೆ ಮೂತ್ರಪಿಂಡದಲ್ಲೇ ಆರಿಸ್ ಹಿಡಿಯಿತು. ಕ್ಯಾಸ್ಪೊಫಂಜಿನ್ ಮೂತ್ರಕ್ಕೆ ಸರಿಯಾಗಿ ಇಳಿಯುವುದಿಲ್ಲ. ಆಗ ನೆರವಿಗೆ ಬಂದದ್ದು ಪಟ್ಟಿಯ ಪರೀಕ್ಷೆಯಲ್ಲಿ ಉಳಿದುಕೊಂಡ ಆಂಫೊಟೆರಿಸಿನ್. ಯಂತ್ರದ 8ನ್ನು ನಂಬಿದ್ದರೆ ಅದನ್ನು ಕಪಾಟಿನಲ್ಲೇ ಬಿಡುತ್ತಿದ್ದೆವು. ಅದು ಮೈಗಿಳಿಯುವಾಗ ಚಳಿ, ನಡುಕ, ಜ್ವರ. ಪೊಟ್ಯಾಸಿಯಂ ಇಳಿಯುತ್ತದೆ, ಮೂತ್ರಪಿಂಡಕ್ಕೇ ಪೆಟ್ಟು. ಬೆರೆಸುವುದರಲ್ಲೂ ಮಡಿ: ಆಂಫೊಟೆರಿಸಿನ್‌ಗೆ ಗ್ಲೂಕೋಸ್ ನೀರೇ ಆಗಬೇಕು, ಉಪ್ಪುನೀರು ಸೇರಿದರೆ ಒಡೆದ ಹಾಲಿನಂತಾಗುತ್ತದೆ. ಕ್ಯಾಸ್ಪೊಫಂಜಿನ್‌ಗೆ ಉಪ್ಪುನೀರು ಆಗುತ್ತದೆ, ಗ್ಲೂಕೋಸ್ ಆಗದು. ಎರಡನ್ನೂ ಒಂದೇ ರಾತ್ರಿ ಕೊಡಬೇಕಾದ ಸಿಸ್ಟರ್ ತಮ್ಮ ಅಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದುಕೊಂಡಿದ್ದರು. ಆ ರೋಗಿಯೂ ಬದುಕಿದರು, ವಾರಕ್ಕೆ ಎರಡು ಡಯಾಲಿಸಿಸ್ಸಿನ ಮೇಲೆ.

ನಲವತ್ತಾರನೇ ದಿನ ಏಳನೇ ಹಾಸಿಗೆಯವರು ಮನೆಗೆ ಹೊರಟರು. ಬಿಡುಗಡೆಯ ಕಾಗದದಲ್ಲಿ ಜೀವಿಯ ಪೂರ್ತಿ ಹೆಸರು ಇತ್ತು, ಮುಂದೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಇದನ್ನು ತೋರಿಸಿ ಎಂಬ ಸೂಚನೆ ಇತ್ತು. ರಕ್ತದಿಂದ ಹೋದರೂ ಚರ್ಮದಿಂದ ಅದು ತಿಂಗಳುಗಟ್ಟಲೆ ಹೋಗದಿರಬಹುದು. ಮನೆಯಲ್ಲಿರುವ ಆರೋಗ್ಯವಂತರಿಗೆ ಅದರಿಂದ ಭಯ ಕಡಿಮೆ, ಕೈ ಚೆನ್ನಾಗಿ ತೊಳೆದುಕೊಂಡರೆ ಆಯಿತು, ಮೊಮ್ಮಕ್ಕಳನ್ನು ದೂರ ಇಡಬೇಕಿಲ್ಲ ಎಂದು ಮೇಡಂ ಅವರ ಹೆಂಡತಿಗೆ ಮೂರು ಸಲ ಹೇಳಿದರು. ಮೂರನೇ ಸಲಕ್ಕೆ ಆಕೆ ನಂಬಿದರು.

2022ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಪಾಯಕಾರಿ ಶಿಲೀಂಧ್ರಗಳ ಮೊದಲ ಪಟ್ಟಿ ಮಾಡಿದಾಗ ಆರಿಸ್ ಮೇಲಿನ ಗುಂಪಿನಲ್ಲೇ ಇತ್ತು. ಇತ್ತೀಚೆಗೆ ವರ್ಗೀಕರಣದವರು ಅದಕ್ಕೆ ಕ್ಯಾಂಡಿಡೋಜೈಮಾ ಆರಿಸ್ ಎಂದು ಮರುನಾಮಕರಣ ಮಾಡಿದ್ದಾರೆ. ನಮ್ಮ ಕಂಪ್ಯೂಟರಿನಲ್ಲಿ ಎರಡೂ ಹೆಸರಿವೆ. ಮೂತ್ರದಲ್ಲಿ ಬಂದರೂ, ಕೀವಿನಲ್ಲಿ ಬಂದರೂ, ಐಸಿಯುನ ಯೀಸ್ಟ್ ಎಂದಮೇಲೆ ಈಗ ಪೂರ್ತಿ ಗುರುತಿಸದೆ ವರದಿ ಹೊರಬೀಳುವುದಿಲ್ಲ. ಹೊಸ ಹುಡುಗಿಯರು ಗೊಣಗುತ್ತಾರೆ, ಕ್ಯಾತಿಟರ್ ಮೂತ್ರಕ್ಕೂ ಇಷ್ಟು ಖರ್ಚೇ ಎಂದು. ಗೊಣಗಲಿ.

ಏಳನೇ ಹಾಸಿಗೆಯವರು ಮನೆಗೆ ಹೋದ ನಾಲ್ಕು ತಿಂಗಳ ಮೇಲೆ, ಹೊಟ್ಟೆಯ ಚೀಲ ತೆಗೆದು ಕರುಳು ಜೋಡಿಸುವ ಶಸ್ತ್ರಚಿಕಿತ್ಸೆಗೆ ಮರಳಿ ಬಂದಿದ್ದರು. ಮೈ ತುಂಬಿಕೊಂಡಿದ್ದರು. ದಾಖಲಾತಿಗೆ ಮುಂಚೆಯೇ ಕಂಕುಳಿನಿಂದ, ತೊಡೆಸಂದಿನಿಂದ ಹತ್ತಿಕಡ್ಡಿ ತೆಗೆಯಬೇಕಿತ್ತು. ನಾನೇ ಹೋದೆ. ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ, ಐಸಿಯುನ ಆ ದಿನಗಳು ಅವರ ನೆನಪಿನಲ್ಲೇ ಇಲ್ಲ. ಮಗ ಪರಿಚಯ ಹೇಳಿದ: "ಅಪ್ಪಯ್ಯ, ನಿಮ್ಮ ಬಾಟಲಿ ನೋಡಿದವರು ಇವರೇ."

ಎರಡು ದಿನ ಬಿಟ್ಟು ತಟ್ಟೆ ತೆರೆದೆ. ಅದೇ ಮಾಸಲು ಕುಂಕುಮದ ಬಣ್ಣ. ಹೊರರೋಗಿಗಳ ಬೆಂಚಿನ ಮೇಲೆ ಕುಳಿತಿದ್ದ ಅವರ ಹತ್ತಿರ ಮೇಡಂ ಜೊತೆ ನಾನೂ ಹೋದೆ.

"ಇನ್ನೂ ಇದೆಯೋ?" ಎಂದರು.

"ಇದೆ. ಚರ್ಮದ ಮೇಲೆ ಮಾತ್ರ. ಶಸ್ತ್ರಚಿಕಿತ್ಸೆಗೆ ಅಡ್ಡಿಯಿಲ್ಲ, ಬೇರೆ ಕೋಣೆ ಕೊಡುತ್ತಾರೆ," ಎಂದರು ಮೇಡಂ.

ಅವರು ತುಸು ಯೋಚಿಸಿ ಮಗನ ಕಡೆ ತಿರುಗಿದರು. "ಹಾಗಾದರೆ ಮೊದಲು ಮೇಲೆ ಹೋಗಿ ಸಿಸ್ಟರಿಗೆ ಹೇಳಿ ಬಾ. ನನಗೆಂದೇ ಒಂದು ಬಿಪಿ ಪಟ್ಟಿ ತೆಗೆದಿಡಲಿ. ಆಮೇಲೆ ಹೋಗುವ."